ಹೆಸರಿದ್ದವರನ್ನು ದೆವ್ವವಾಗಿಸುವುದು

ಅಮೆರಿಕದ ಒಹಾಯೊ ರಾಜ್ಯದ ಪೂರ್ವ ಭಾಗದಲ್ಲಿ, ಟಸ್ಕರಾವಸ್ ನದಿಯ ಬಯಲಿನಲ್ಲಿ, ನ್ಯೂ ಫಿಲಡೆಲ್ಫಿಯಾ ಎಂಬ ಊರಿದೆ. ಅದರ ಅಂಚಿನಲ್ಲಿರುವ ಷೋನ್‌ಬ್ರುನ್ ಗ್ರಾಮಕ್ಕೆ ಹಗಲು ಹೊತ್ತು ಶಾಲೆಯ ಮಕ್ಕಳು ಬರುತ್ತಾರೆ. ಮರದ ದಿಮ್ಮಿಗಳ ಮನೆ, ಪ್ರಾರ್ಥನಾ ಮಂದಿರ, ಪುಟ್ಟ ಶಾಲೆ, ಆಚೆಗೊಂದು ಹಳೆಯ ಸ್ಮಶಾನ, ಇಷ್ಟನ್ನು ನೋಡಿಕೊಂಡು ಹೋಗುತ್ತಾರೆ. ಕೆಲವು ರಾತ್ರಿ ಅಲ್ಲಿಗೆ ಬರುವ ಗುಂಪೇ ಬೇರೆ. ಟಿಕೆಟ್ ಕೊಂಡು ಬಂದ ಇವರ ಕೈಯಲ್ಲಿ ಟಾರ್ಚು, ಧ್ವನಿಮುದ್ರಕ, ವಿದ್ಯುತ್ಕಾಂತ ಕ್ಷೇತ್ರ ಅಳೆಯುವ ಮೀಟರು ಇರುತ್ತವೆ. ದೀಪ ಆರಿಸಿ ಕೂತು ಕತ್ತಲನ್ನು ಕೇಳುತ್ತಾರೆ: ‘ಇಲ್ಲಿ ಯಾರಾದರೂ ಇದ್ದೀರಾ? ನಿಮ್ಮ ಹೆಸರೇನು? ನಿಮಗೇನಾಯಿತು?’ ಘೋಸ್ಟ್ ಹಂಟ್, ಅಂದರೆ ದೆವ್ವದ ಬೇಟೆ, ಇಂದು ಅಮೆರಿಕದ ಐತಿಹಾಸಿಕ ತಾಣಗಳಲ್ಲಿ ಮಾಮೂಲಾಗಿರುವ ರಾತ್ರಿ ಕಾರ್ಯಕ್ರಮ.

ಈ ಬೇಟೆಯ ಬಗ್ಗೆ ನನ್ನ ಮುಖ್ಯ ತಕರಾರು ದೆವ್ವ ಇದೆಯೋ ಇಲ್ಲವೋ ಎಂಬುದರದ್ದಲ್ಲ. ಕತ್ತಲಲ್ಲಿ ಕೇಳುವ ಆ ಮೂರು ಪ್ರಶ್ನೆಗಳಿಗೂ ಉತ್ತರ ಇದೆ. ಯಾರಿದ್ದರು, ಹೆಸರೇನು, ಏನಾಯಿತು ಎಂಬುದೆಲ್ಲ ಜರ್ಮನ್ ಕೈಬರಹದಲ್ಲಿ ದಿನದಿನವೂ ದಾಖಲಾಗಿದೆ. ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಪಟ್ಟಣದ ಮೊರೇವಿಯನ್ ಪತ್ರಾಗಾರದಲ್ಲಿ ಆ ಕಾಗದಗಳು ಜೋಪಾನವಾಗಿವೆ. 1772ರಿಂದ 1781ರವರೆಗಿನ ದಿನಚರಿ 2005ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿಯೂ ಬಂದಿದೆ. ಉತ್ತರ ಕಪಾಟಿನಲ್ಲಿರುವಾಗ ಅದೇ ಪ್ರಶ್ನೆಯನ್ನು ಮೀಟರಿಗೆ ಕೇಳುವುದರಿಂದ ಸತ್ತವರಿಗೂ ಬದುಕಿರುವವರಿಗೂ ಅನ್ಯಾಯವಾಗುತ್ತದೆ. ಆ ಅನ್ಯಾಯ ಎಂಥದ್ದು ಎಂದು ತಿಳಿಯಲು ಮೊದಲು ಊರಿನ ಕಥೆ ಗೊತ್ತಿರಬೇಕು.

ಡೇವಿಡ್ ಜೈಸ್‌ಬರ್ಗರ್ 1721ರಲ್ಲಿ ಯುರೋಪಿನ ಮೊರೇವಿಯಾದಲ್ಲಿ ಹುಟ್ಟಿದವನು. ಮೊರೇವಿಯನ್ ಬ್ರೆದ್ರೆನ್ ಎಂಬ ಪ್ರಾಟೆಸ್ಟಂಟ್ ಪಂಥದ ಮಿಷನರಿ. ಈ ಪಂಥ ಭಾರತಕ್ಕೂ ಬಂದಿತ್ತು: 1760ರಲ್ಲಿ ತರಂಗಂಬಾಡಿಗೆ, ಆಮೇಲೆ 1885ರಲ್ಲಿ ಲೇಹ್‌ಗೆ. ಲಡಾಖಿ ಭಾಷೆಯ ಮೊದಮೊದಲ ಪತ್ರಿಕೆಯನ್ನು 1904ರಲ್ಲಿ ಹೊರತಂದವನು ಇದೇ ಪಂಥದ ಫ್ರಾಂಕೆ. ಅಮೆರಿಕದಲ್ಲಿ ಜೈಸ್‌ಬರ್ಗರ್ ಬದುಕು ಸವೆಸಿದ್ದು ಲೆನಾಪೆ ಜನರ ನಡುವೆ. ಬಿಳಿಯರು ಡೆಲವೇರ್ ಇಂಡಿಯನ್ನರು ಎಂದು ಕರೆಯುತ್ತಿದ್ದುದು ಇವರನ್ನೇ. ಪೂರ್ವ ಕರಾವಳಿಯ ನೆಲ ಕಳೆದುಕೊಂಡು ಇವರು ಪಶ್ಚಿಮಕ್ಕೆ ಸರಿಯುತ್ತ ಬಂದಿದ್ದರು. ಅವರ ಮುಖ್ಯಸ್ಥ ನೆಟಾವಟ್ವೆಸ್ ಟಸ್ಕರಾವಸ್ ಬಯಲಿನಲ್ಲಿ ಜಾಗ ಕೊಟ್ಟ. 1772ರ ಮೇ ತಿಂಗಳಲ್ಲಿ ಪೆನ್ಸಿಲ್ವೇನಿಯಾದಿಂದ ಬಂದ ಲೆನಾಪೆ ಕ್ರೈಸ್ತ ಕುಟುಂಬಗಳು ಷೋನ್‌ಬ್ರುನ್ ಊರನ್ನು ಕಟ್ಟಿದವು. ಅದೇ ವರ್ಷ, ಸುಮಾರು 15 ಕಿ.ಮೀ. ಕೆಳಗೆ, ಅದೇ ನದಿಯ ದಂಡೆಯಲ್ಲಿ, ತಮ್ಮ ಹಿರಿಯನೊಬ್ಬನ ಮುಂದಾಳತ್ವದಲ್ಲಿ ಮೊಹಿಕನ್ ಎಂಬ ಇನ್ನೊಂದು ಬುಡಕಟ್ಟಿನ ಕ್ರೈಸ್ತರು ಗ್ನಾಡೆನ್‌ಹಟನ್ ಎಂಬ ಇನ್ನೊಂದು ಊರನ್ನು ಕಟ್ಟಿದರು.

ಕೆಲವೇ ವರ್ಷಗಳಲ್ಲಿ ಷೋನ್‌ಬ್ರುನ್‌ನಲ್ಲಿ ಅರವತ್ತರಷ್ಟು ಕಟ್ಟಡಗಳೆದ್ದವು, ಮುನ್ನೂರಕ್ಕೂ ಹೆಚ್ಚು ಜನ ನೆಲೆಸಿದರು. ಒಹಾಯೊದ ಮೊದಲ ಚರ್ಚು, ಮೊದಲ ಶಾಲೆ ಇಲ್ಲಿಯವೇ. ಶಾಲೆಗೆಂದು ಜೈಸ್‌ಬರ್ಗರ್ ಬರೆದ ಲೆನಾಪೆ ಅಕ್ಷರ ಪುಸ್ತಕ 1776ರಲ್ಲಿ ಫಿಲಡೆಲ್ಫಿಯಾದಲ್ಲಿ ಅಚ್ಚಾಯಿತು. ಅವನ ನಿಘಂಟಿನ ಹಸ್ತಪ್ರತಿ ಅಚ್ಚಾದದ್ದು ಅವನು ಸತ್ತು ಎಷ್ಟೋ ಕಾಲದ ಮೇಲೆ, 1887ರಲ್ಲಿ. ಕಿಟೆಲ್‌ನ ನಿಘಂಟಿನ ಋಣ ಹೊತ್ತ ಕನ್ನಡಿಗರಿಗೆ ಇಂಥ ಕೆಲಸದ ಬೆಲೆ ಗೊತ್ತು, ಅದರ ಜೊತೆಗೇ ಬರುವ ಇಕ್ಕಟ್ಟೂ ಗೊತ್ತು. ಭಾಷೆಯನ್ನು ಅಷ್ಟು ಪ್ರೀತಿಯಿಂದ ಕಲಿತವರೇ ಆ ಭಾಷೆಯ ಜನರ ಕುಣಿತ, ಬಲಿ, ಹಬ್ಬಗಳನ್ನು ಊರೊಳಗೆ ನಿಷೇಧಿಸಿದರು. ದೀಕ್ಷಾಸ್ನಾನ ಕೊಟ್ಟು ಹೆಸರು ಬದಲಿಸಿದರು. ಊರಿನ ಕಟ್ಟಳೆಗಳಲ್ಲಿ ಬೇಟೆಗೆ ಮಾಟಮಂತ್ರ ಬಳಸಕೂಡದು ಎಂಬುದೂ ಒಂದು. ಮಿಷನ್ ಊರುಗಳನ್ನು ಪುಣ್ಯಭೂಮಿಯಂತೆ ಬಣ್ಣಿಸುವವರ ಜೊತೆ ನಾನು ನಿಲ್ಲಲಾರೆ. ಆದರೂ ಆ ಜನ ಅಲ್ಲಿಗೆ ತಾವಾಗಿ ಬಂದಿದ್ದರು, ಹೊಲ ಮಾಡಿದ್ದರು, ಮಕ್ಕಳಿಗೆ ತಮ್ಮದೇ ಮಾತಿನಲ್ಲಿ ಓದು ಬರಹ ಕಲಿಸಿದ್ದರು, ಯುದ್ಧಕ್ಕೆ ಹೋಗುವುದಿಲ್ಲ ಎಂದು ನಿಶ್ಚಯಿಸಿದ್ದರು.

ಆ ನಿಶ್ಚಯವೇ ಅವರನ್ನು ಅಡಕತ್ತರಿಗೆ ಸಿಕ್ಕಿದ ಅಡಕೆಯಂತೆ ಮಾಡಿತು. ಅಮೆರಿಕದ ಸ್ವಾತಂತ್ರ್ಯ ಯುದ್ಧ ನಡೆಯುತ್ತಿತ್ತು. ಪಶ್ಚಿಮಕ್ಕೆ ಡೆಟ್ರಾಯಿಟ್‌ನಲ್ಲಿ ಬ್ರಿಟಿಷರು, ಪೂರ್ವಕ್ಕೆ ಪಿಟ್ ಕೋಟೆಯಲ್ಲಿ ಅಮೆರಿಕನ್ನರು, ಈ ಊರುಗಳು ಎರಡರ ನಡುವಿನ ದಾರಿಯಲ್ಲಿ. ಒತ್ತಡ ತಾಳಲಾರದೆ 1777ರಲ್ಲಿ ಜನ ಷೋನ್‌ಬ್ರುನ್ ಬಿಟ್ಟು ಹೊರಟರು. ಬೇರೆಯವರ ಕೈಯಲ್ಲಿ ಅಪವಿತ್ರವಾಗಬಾರದೆಂದು ಪ್ರಾರ್ಥನಾ ಮಂದಿರವನ್ನು ತಾವೇ ಕೆಡವಿ ಹೋದರು. ಈ ಸಂಗತಿ ದೆವ್ವದ ಬೇಟೆಗಾರರ ಗಮನಕ್ಕೆ ಬರಬೇಕು. ಇಲ್ಲಿ ಕೊಲೆ ನಡೆಯಲಿಲ್ಲ. ಊರಿನವರೇ ಯೋಚಿಸಿ, ದುಃಖದಿಂದ, ತಮ್ಮ ಮಂದಿರವನ್ನು ಬಿಚ್ಚಿಟ್ಟು ನಡೆದರು.

ಇವತ್ತು ಅಲ್ಲಿರುವ ದಿಮ್ಮಿ ಮನೆಗಳಲ್ಲಿ ಒಂದೂ ಆ ಕಾಲದ್ದಲ್ಲ. 1923ರ ಹೊತ್ತಿಗೆ ಬೆತ್ಲೆಹೆಮ್‌ನ ಹಳೆಯ ನಕ್ಷೆಗಳ ನೆರವಿನಿಂದ ಊರಿನ ಜಾಗ ಪತ್ತೆಯಾಯಿತು. ಅಲ್ಲಿಂದ ಮುಂದೆ ಒಂದೊಂದೇ ಮನೆಯನ್ನು ಹೊಸದಾಗಿ ಕಟ್ಟಿದರು. ಮೂಲದ್ದೆಂದು ಉಳಿದಿರುವುದು ಸ್ಮಶಾನ. ಹಾಗಾಗಿ ರಾತ್ರಿ ಗೋಡೆಗೆ ಕಿವಿ ಕೊಟ್ಟು 1770ರ ದಶಕದ ಹೆಜ್ಜೆಸಪ್ಪಳ ಕೇಳುವವರು ಕಿವಿ ಕೊಟ್ಟಿರುವುದು ಇಪ್ಪತ್ತನೆಯ ಶತಮಾನದ ಮರಕ್ಕೆ. ಹಗಲಿಡೀ ಬಿಸಿಲಿಗೆ ಹಿಗ್ಗಿದ ದಿಮ್ಮಿ ರಾತ್ರಿ ತಣಿದಾಗ ಲಟ್ಟೆನ್ನುತ್ತದೆ. ಪುನರ್ನಿರ್ಮಾಣ ತಪ್ಪೆಂದು ನಾನು ಹೇಳುತ್ತಿಲ್ಲ, ಮಕ್ಕಳಿಗೆ ಅಂದಿನ ಬದುಕು ಕಾಣಿಸಲು ಅದು ಬೇಕು. ಆದರೆ ಗೋಡೆಯೇ ನೆನಪು ಹಿಡಿದಿಟ್ಟುಕೊಂಡಿದೆ ಎಂಬ ಬೇಟೆಗಾರರ ವಾದ ಇಲ್ಲಿ ನಿಲ್ಲುವುದಿಲ್ಲ.

ಉಪಕರಣಗಳ ವಿಚಾರವೂ ಇಷ್ಟೇ. ಮೀಟರು ಅಳೆಯುವುದು ವಿದ್ಯುತ್ಕಾಂತ ಕ್ಷೇತ್ರವನ್ನು. ಹತ್ತಿರದ ತಂತಿ, ಜೇಬಿನ ಮೊಬೈಲು, ಪಕ್ಕದವರ ವಾಕಿಟಾಕಿ, ಯಾವುದಕ್ಕಾದರೂ ಅದರ ದೀಪ ಮಿನುಗುತ್ತದೆ. ಧ್ವನಿಮುದ್ರಕದಲ್ಲಿ ಸತ್ತವರ ಮಾತು ಹುಡುಕುವ ಪದ್ಧತಿ 1959ರಲ್ಲಿ ಸ್ವೀಡನ್ನಿನ ಫ್ರೀಡ್ರಿಕ್ ಯುರ್ಗೆನ್‌ಸನ್ ಹಕ್ಕಿಗಳ ದನಿ ಮುದ್ರಿಸಿಕೊಳ್ಳುವಾಗ ಶುರುವಾದದ್ದು, ಅದನ್ನು ಬೆಳೆಸಿದವನು ಲಾಟ್ವಿಯಾದ ರೌಡಿವೆ. ಗದ್ದಲದಲ್ಲಿ ಮಾತು ಹುಡುಕುವುದು ಮನುಷ್ಯನ ಕಿವಿಯ ಸ್ವಭಾವ. ‘ಹೋಗು’ ಎನ್ನುತ್ತಿದೆ ಎಂದು ಒಬ್ಬರು ಹೇಳಿದರೆ ಉಳಿದವರಿಗೂ ಹಾಗೆಯೇ ಕೇಳಿಸತೊಡಗುತ್ತದೆ. 1998ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ವಿಕ್ ಟ್ಯಾಂಡಿ ದೆವ್ವ ಇದೆಯೆಂದು ಹೆಸರಾದ ಒಂದು ಪ್ರಯೋಗಾಲಯದ ಬಗ್ಗೆ ಬರೆದ. ಬೆನ್ನು ತಣ್ಣಗಾಗುವುದು, ಕಣ್ಣಂಚಿನಲ್ಲಿ ಬೂದು ಆಕೃತಿ ಸುಳಿಯುವುದು ಅವನಿಗೂ ಆಗಿತ್ತು. ಕಾರಣ ಹುಡುಕಿದಾಗ ಒಂದು ಫ್ಯಾನು ಹೊರಡಿಸುತ್ತಿದ್ದ, ಕಿವಿಗೆ ಕೇಳದ, ಸೆಕೆಂಡಿಗೆ ಸುಮಾರು 19 ಕಂಪನಗಳ ಸದ್ದು ಸಿಕ್ಕಿತು. ಎಲ್ಲ ದೆವ್ವಕ್ಕೂ ಇದೇ ಕಾರಣವಲ್ಲ. ಆದರೆ ಟ್ಯಾಂಡಿ ಮಾಡಿದ್ದು ನಿಜವಾದ ಹುಡುಕಾಟ, ಏಕೆಂದರೆ ತನ್ನ ಅನುಭವದ ಕಾರಣ ಸಿಗುವವರೆಗೆ ಅವನು ಬಿಡಲಿಲ್ಲ. ಬೇಟೆಯ ಟಿಕೆಟ್ಟಿನಲ್ಲಿ ಆ ಭಾಗ ಇರುವುದಿಲ್ಲ.

ದೆವ್ವವನ್ನು ನಂಬುವ ಸಜ್ಜನರಿದ್ದಾರೆ, ಅವರ ಜೊತೆ ಜಗಳಕ್ಕೆ ನಾನು ಸಿದ್ಧನಿಲ್ಲ. ದೆವ್ವ ಇವೆ ಎಂದೇ ಒಪ್ಪಿಕೊಳ್ಳೋಣ. ಆಗಲೂ ಅವರ ಮೇಲಿನ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ತೀರಿಹೋದವರು ಆ ಕತ್ತಲಲ್ಲಿ ನಿಜಕ್ಕೂ ಇದ್ದಾರೆಂದಾದರೆ, ಅವರ ಮುಂದೆ ಮೀಟರು ಹಿಡಿದು ‘ದೀಪ ಮಿನುಗಿಸಿ ತೋರಿಸಿ’ ಎನ್ನುವುದು ಎಂಥ ನಡವಳಿಕೆ? ಜೈಸ್‌ಬರ್ಗರನ ಊರಿನವರು ಮಾತಾಡುತ್ತಿದ್ದುದು ಲೆನಾಪೆ ಭಾಷೆ, ಅವರನ್ನು ಪ್ರಶ್ನಿಸುವುದು ಇಂಗ್ಲಿಷಿನಲ್ಲಿ. ಉತ್ತರವೂ ಇಂಗ್ಲಿಷಿನಲ್ಲೇ ಬರುತ್ತದೆಂಬ ನಿರೀಕ್ಷೆ. ನೆಲ ಬಿಡಿಸಿಕೊಂಡವರ ಭಾಷೆಯಲ್ಲೇ ಸತ್ತ ಮೇಲೂ ಸಾಕ್ಷಿ ಹೇಳಬೇಕೆಂದು ನಂಬಿಕೆಯುಳ್ಳವರಾದರೂ ಬಯಸಬಾರದು.

ಈ ಬಯಲಿನಲ್ಲಿ ಘೋರ ನಡೆದದ್ದು ಷೋನ್‌ಬ್ರುನ್‌ನಲ್ಲಲ್ಲ, ಗ್ನಾಡೆನ್‌ಹಟನ್‌ನಲ್ಲಿ. 1781ರ ಸೆಪ್ಟೆಂಬರಿನಲ್ಲಿ ಬ್ರಿಟಿಷರ ಪಕ್ಷದ ವೈಯಾಂಡಾಟ್ ಮತ್ತು ಲೆನಾಪೆ ಯೋಧರು ಮಿಷನ್ ಊರುಗಳ ಜನರನ್ನೆಲ್ಲ ಬಲವಂತವಾಗಿ ಎಬ್ಬಿಸಿ ವಾಯವ್ಯಕ್ಕೆ, ಸ್ಯಾಂಡಸ್ಕಿ ನದಿಯ ಕಡೆಗೆ ಒಯ್ದರು. ಮಿಷನರಿಗಳು ಅಮೆರಿಕನ್ನರಿಗೆ ಸುದ್ದಿ ಮುಟ್ಟಿಸುತ್ತಿದ್ದಾರೆ ಎಂಬುದು ಆರೋಪ, ಅದರಲ್ಲಿ ಸತ್ಯವೂ ಇತ್ತು. ಬೆಳೆ ಹೊಲದಲ್ಲೇ ಉಳಿಯಿತು. ಆ ಚಳಿಗಾಲ ಜನ ಹಸಿವಿನಿಂದ ಕಂಗೆಟ್ಟರು. 1782ರ ಫೆಬ್ರವರಿಯಲ್ಲಿ ನೂರೈವತ್ತರಷ್ಟು ಮಂದಿ, ಮಕ್ಕಳು ಮರಿ ಸಮೇತ, ಬಿಟ್ಟುಬಂದ ಮುಸುಕಿನ ಜೋಳ ಮುರಿದುಕೊಳ್ಳಲು ಹಳೆಯ ಊರುಗಳಿಗೆ ಮರಳಿದರು. ಅದೇ ದಿನಗಳಲ್ಲಿ ಪೆನ್ಸಿಲ್ವೇನಿಯಾದ ಗಡಿಯ ಬಿಳಿಯ ಕುಟುಂಬಗಳ ಮೇಲೆ ದಾಳಿಯಾಗಿ ಸಾವುಗಳಾಗಿದ್ದವು. ಸೇಡಿಗೆ ಹೊರಟ ಸುಮಾರು 160 ಜನರ ಮಿಲಿಷಿಯಾ, ಡೇವಿಡ್ ವಿಲಿಯಮ್‌ಸನ್ ಎಂಬವನ ಮುಂದಾಳತ್ವದಲ್ಲಿ, ಮಾರ್ಚ್ ಮೊದಲ ವಾರ ಗ್ನಾಡೆನ್‌ಹಟನ್ ಸೇರಿತು.

ಬಂದವರು ಸ್ನೇಹಿತರಂತೆ ಮಾತಾಡಿದರು. ಪಿಟ್ ಕೋಟೆಗೆ ಕರೆದೊಯ್ದು ಕಾಪಾಡುತ್ತೇವೆ ಎಂದರು. ಜನ ನಂಬಿ ಬಂದೂಕುಗಳನ್ನು ಒಪ್ಪಿಸಿದರು. ಆಮೇಲೆ ಮಿಲಿಷಿಯಾದವರು ಅವರ ಕೈ ಕಟ್ಟಿದರು. ಮನೆಗಳಲ್ಲಿದ್ದ ಕೊಡಲಿ, ಕೆಟಲು, ತಟ್ಟೆಗಳನ್ನು ಬಿಳಿಯರಿಂದ ಕದ್ದದ್ದಕ್ಕೆ ಸಾಕ್ಷಿ ಎಂದರು. ಕೊಲ್ಲಬೇಕೆ ಬೇಡವೆ ಎಂದು ಮತ ಹಾಕಿದರು. ಬೇಡ ಎಂದು ಮುಂದೆ ಬಂದು ನಿಂತವರು ಹದಿನೆಂಟರಷ್ಟು ಜನ ಮಾತ್ರ. ಕೈದಿಗಳು ಸಾಯಲು ಸಿದ್ಧವಾಗಲು ಸಮಯ ಕೇಳಿದರು. ರಾತ್ರಿಯೆಲ್ಲ ಪ್ರಾರ್ಥಿಸಿದರು, ಹಾಡಿದರು, ಒಬ್ಬರನ್ನೊಬ್ಬರು ಕ್ಷಮೆ ಕೇಳಿಕೊಂಡರು. ಮಾರ್ಚ್ 8ರ ಬೆಳಿಗ್ಗೆ ಗಂಡಸರನ್ನು ಒಂದು ಮನೆಗೆ, ಹೆಂಗಸರು ಮಕ್ಕಳನ್ನು ಇನ್ನೊಂದು ಮನೆಗೆ ಕರೆದೊಯ್ದರು. ಪೀಪಾಯಿ ಮಾಡುವವನ ಕೊಡತಿಯಿಂದ ತಲೆಗೆ ಹೊಡೆದು, ನೆತ್ತಿಯ ಚರ್ಮ ಸುಲಿದರು. 28 ಗಂಡಸರು, 29 ಹೆಂಗಸರು, 39 ಮಕ್ಕಳು, ಒಟ್ಟು 96 ಜನ. ಹೆಣಗಳ ಸಮೇತ ಊರಿಗೆ ಬೆಂಕಿ ಇಟ್ಟರು.

ಇಬ್ಬರು ಹುಡುಗರು ಉಳಿದರು. ಒಬ್ಬ ನೆತ್ತಿ ಸುಲಿಸಿಕೊಂಡು ಹೆಣಗಳ ನಡುವೆ ಅಲುಗಾಡದೆ ಬಿದ್ದಿದ್ದು, ಕತ್ತಲಾದ ಮೇಲೆ ತೆವಳಿಕೊಂಡು ಹೊರಬಿದ್ದ. ಇನ್ನೊಬ್ಬ ನೆಲಮಾಳಿಗೆಯಲ್ಲಿ ಅಡಗಿದ್ದ. ನಡೆದದ್ದು ಜಗತ್ತಿಗೆ ತಿಳಿದದ್ದು ಇವರಿಂದ. ಮಿಷನರಿ ಜಾನ್ ಹೆಕೆವೆಲ್ಡರ್ ಬರೆದಿಟ್ಟ ವೃತ್ತಾಂತದಲ್ಲಿ ಕ್ರಿಸ್ಟೀನಾ ಎಂಬ ಮೊಹಿಕನ್ ಹೆಂಗಸಿದ್ದಾಳೆ. ಬೆತ್ಲೆಹೆಮ್‌ನಲ್ಲಿ ಬೆಳೆದು ಇಂಗ್ಲಿಷ್, ಜರ್ಮನ್ ಎರಡನ್ನೂ ಚೆನ್ನಾಗಿ ಕಲಿತವಳು. ವಿಲಿಯಮ್‌ಸನ್‌ನ ಮುಂದೆ ಮಂಡಿಯೂರಿ ಅವನ ಭಾಷೆಯಲ್ಲೇ ಜೀವ ಬೇಡಿದಳು. ನನ್ನಿಂದ ಏನೂ ಆಗದು ಎಂದ. ಸತ್ತವರಲ್ಲಿ ಗ್ಲಿಕ್ಕಿಕನ್ ಇದ್ದ. ಒಂದು ಕಾಲಕ್ಕೆ ಲೆನಾಪೆಗಳ ಹೆಸರಾಂತ ಯೋಧ, ಮಾತುಗಾರ, ಆಮೇಲೆ ಐಸಾಕ್ ಎಂಬ ಹೆಸರಿನಿಂದ ಕ್ರೈಸ್ತನಾದವನು. ಜೋಷುವಾ ಎಂಬ ಮೊಹಿಕನ್ ಕ್ರೈಸ್ತನ ಇಬ್ಬರು ಹೆಣ್ಣುಮಕ್ಕಳೂ ಇದ್ದರು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಹೆಕೆವೆಲ್ಡರ್ ಮರಳಿ ಬಂದು ಸುಟ್ಟ ಮೂಳೆಗಳನ್ನು ಕೂಡಿಸಿ ಮಣ್ಣು ಮಾಡಿದ. ಆ ದಿಬ್ಬ ಇನ್ನೂ ಇದೆ. 1872ರಲ್ಲಿ ಪಕ್ಕದಲ್ಲಿ ಸ್ಮಾರಕ ಸ್ತಂಭ ನಿಂತಿತು.

ಕೊಂದವರಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ವಿಲಿಯಮ್‌ಸನ್ ಆಮೇಲೆ ಪೆನ್ಸಿಲ್ವೇನಿಯಾದ ವಾಷಿಂಗ್ಟನ್ ಕೌಂಟಿಯ ಶೆರೀಫ್ ಆಗಿ ಚುನಾಯಿತನಾದ.

ಆ ಕೊನೆಯ ಸಂಗತಿ ದೆವ್ವದ ಕಥೆಯಲ್ಲಿ ಬರುವುದಿಲ್ಲ. ದೆವ್ವದ ಕಥೆಗೆ ಬೇಕಾದದ್ದು ಸತ್ತವನ ನರಳಾಟ. ಕೊಂದವನು ಎಲ್ಲಿಗೆ ಹೋದ, ಯಾವ ಕುರ್ಚಿಯಲ್ಲಿ ಕೂತ, ಆ ಹೊಲ ಆಮೇಲೆ ಯಾರ ಹೆಸರಿಗಾಯಿತು ಎಂಬ ಪ್ರಶ್ನೆ ಅದಕ್ಕೆ ಬೇಡ. 1778ರಲ್ಲಿ ಪಿಟ್ ಕೋಟೆಯಲ್ಲಿ ಹೊಸ ಅಮೆರಿಕ ಸರ್ಕಾರ ತನ್ನ ಮೊದಲ ಲಿಖಿತ ಇಂಡಿಯನ್ ಒಪ್ಪಂದ ಮಾಡಿಕೊಂಡದ್ದು ಇದೇ ಲೆನಾಪೆಗಳ ಜೊತೆ. ನಾಲ್ಕು ವರ್ಷ ಕಳೆಯುವುದರೊಳಗೆ ಗ್ನಾಡೆನ್‌ಹಟನ್ ಆಯಿತು. ಅತೃಪ್ತ ಆತ್ಮ ಅಲೆಯುತ್ತಿದೆ ಎಂದುಬಿಟ್ಟರೆ ಅತೃಪ್ತಿಯ ಕಾರಣವನ್ನು ಕೇಳುವ ಕೆಲಸ ಉಳಿಯುವುದಿಲ್ಲ. ನನಗೆ ಈ ಬೇಟೆಯಲ್ಲಿ ಎಲ್ಲಕ್ಕಿಂತ ನೋವು ಕೊಡುವುದು ಇದೇ. ನ್ಯಾಯದ ಪ್ರಶ್ನೆ ಅಲ್ಲಿ ಮೈ ಜುಮ್ಮೆನ್ನಿಸುವ ಅನುಭವವಾಗಿ ಕರಗಿಹೋಗುತ್ತದೆ.

ಇದು ಒಂದು ಊರಿನ ಚಾಳಿಯಲ್ಲ. ಅಮೆರಿಕದ ಸಾಹಿತ್ಯ ಮೊದಲಿನಿಂದ ಇಂಡಿಯನ್ನರನ್ನು ದೆವ್ವವಾಗಿ ಚಿತ್ರಿಸುತ್ತ ಬಂದ ಬಗೆಯ ಮೇಲೆ ರೆನೆ ಬರ್ಗ್‌ಲಂಡ್ 2000ದಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ. 1970ರ ದಶಕದಿಂದ ಈಚೆಗೆ ‘ಈ ಮನೆ ಇಂಡಿಯನ್ ಸ್ಮಶಾನದ ಮೇಲಿದೆ’ ಎಂಬುದು ಅಲ್ಲಿನ ಭಯದ ಕಥೆಗಳ ಸಿದ್ಧ ಸರಕಾಯಿತು. ಅಮಿಟಿವಿಲ್‌ನ ದೆವ್ವದ ಮನೆಯ ಕಥೆಯಿಂದ ಸ್ಟೀಫನ್ ಕಿಂಗ್‌ನ 1983ರ ‘ಪೆಟ್ ಸೆಮೆಟರಿ’ ಕಾದಂಬರಿಯವರೆಗೆ ಅದೇ ನೆಲ, ಅದೇ ಶಾಪ. ಆ ಕಥೆಗಳಲ್ಲಿ ಹೆದರುವವನು ಮನೆ ಕೊಂಡ ಬಿಳಿಯ, ಹೆದರಿಸುವವನು ನೆಲ ಕಳೆದುಕೊಂಡವನು. ಯಾರಿಂದ ಯಾರಿಗೆ ತೊಂದರೆಯಾಯಿತು ಎಂಬುದೇ ತಿರುವುಮುರುವಾಗಿದೆ. ಜೊತೆಗೆ ಇನ್ನೊಂದು ಸುಳ್ಳೂ ಸದ್ದಿಲ್ಲದೆ ಸೇರಿಕೊಳ್ಳುತ್ತದೆ: ಅವರೆಲ್ಲ ಸತ್ತುಹೋದರು, ಉಳಿದಿರುವುದು ನೆರಳು ಮಾತ್ರ ಎಂಬ ಸುಳ್ಳು.

ಅವರು ಇದ್ದಾರೆ. ಒಹಾಯೊ, ಇಂಡಿಯಾನಾ, ಮಿಸೌರಿ, ಕ್ಯಾನ್ಸಸ್ ಎಂದು ಒಂದೊಂದು ರಾಜ್ಯದಿಂದಲೂ ಎಬ್ಬಿಸಿಕೊಳ್ಳುತ್ತ ಹೋದ ಲೆನಾಪೆಗಳು ಇಂದು ಓಕ್ಲಹೋಮದಲ್ಲಿದ್ದಾರೆ. ಅನಡಾರ್ಕೊದಲ್ಲಿ ಡೆಲವೇರ್ ನೇಷನ್, ಬಾರ್ಟಲ್ಸ್‌ವಿಲ್‌ನಲ್ಲಿ ಡೆಲವೇರ್ ಟ್ರೈಬ್, ಎರಡಕ್ಕೂ ಅವರದೇ ಸರ್ಕಾರವಿದೆ. ಕೆನಡಾದ ಕಥೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಹತ್ಯಾಕಾಂಡದಿಂದ ಉಳಿದ ಕ್ರೈಸ್ತ ಲೆನಾಪೆಗಳು ಜೈಸ್‌ಬರ್ಗರನ ಜೊತೆ ಅಲೆದಲೆದು 1792ರಲ್ಲಿ ಒಂಟಾರಿಯೊದ ಥೇಮ್ಸ್ ನದಿಯ ದಂಡೆಯಲ್ಲಿ ಫೇರ್‌ಫೀಲ್ಡ್ ಎಂಬ ಊರು ಕಟ್ಟಿದರು. 1813ರಲ್ಲಿ ಅಮೆರಿಕನ್ ಸೇನೆ ಅದನ್ನೂ ಸುಟ್ಟಿತು. ಅವರು ನದಿಯಾಚೆ ಮತ್ತೆ ಕಟ್ಟಿಕೊಂಡರು. ಅದು ಇಂದಿನ ಮೊರೇವಿಯನ್‌ಟೌನ್. ಷೋನ್‌ಬ್ರುನ್‌ನ ಕತ್ತಲಲ್ಲಿ ಯಾರನ್ನು ಕರೆಯುತ್ತಾರೋ ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಅಲ್ಲಿ ಮನೆ ಮಾಡಿಕೊಂಡಿದ್ದಾರೆ. ಇತ್ತ ಒಹಾಯೊದಲ್ಲಿ ಫೆಡರಲ್ ಸರ್ಕಾರ ಮಾನ್ಯ ಮಾಡಿದ ಒಂದು ಬುಡಕಟ್ಟೂ ಇಲ್ಲ. ಬೇಡ ಎನ್ನಬಲ್ಲವರು ನೂರಾರು ಕಿಲೋಮೀಟರು ದೂರದಲ್ಲಿರುವುದರಿಂದಲೇ ಬೇಟೆ ಇಷ್ಟು ನಿರಾಳವಾಗಿ ಸಾಗುತ್ತದೆ.

ಜೋಷುವಾನ ಕಥೆ ಆ ಹತ್ಯಾಕಾಂಡದೊಂದಿಗೆ ಮುಗಿಯಲಿಲ್ಲ. ಹೆಣ್ಣುಮಕ್ಕಳನ್ನು ಬಿಳಿಯರ ಕೈಯಲ್ಲಿ ಕಳೆದುಕೊಂಡ ಆ ಮುದುಕ 1806ರಲ್ಲಿ ಇಂಡಿಯಾನಾದ ವೈಟ್ ನದಿಯ ಲೆನಾಪೆ ಊರಿನಲ್ಲಿದ್ದ. ರೋಗ, ಹಸಿವು, ನೆಲ ಕಳೆದುಕೊಂಡ ಅವಮಾನ, ಎಲ್ಲಕ್ಕೂ ಕಾರಣ ಮಾಟಗಾರರು ಎಂಬ ಗುಮಾನಿ ಆ ಜನರ ನಡುವೆ ಹಬ್ಬಿತ್ತು. ಷಾನಿ ಬುಡಕಟ್ಟಿನ ಪ್ರವಾದಿ ಟೆನ್ಸ್‌ಕ್ವಾಟಾವ ಮಾಟಗಾರರನ್ನು ಗುರುತಿಸಲು ಬಂದ. ಜೋಷುವಾನನ್ನು ಮಾಟಗಾರನೆಂದು ಸುಟ್ಟರು. ಒಂದೇ ಕುಟುಂಬದಲ್ಲಿ ಎರಡು ಬಗೆಯ ಕೊಲೆ: ಮಕ್ಕಳನ್ನು ಕೊಂದದ್ದು ಸೇಡು, ತಂದೆಯನ್ನು ಕೊಂದದ್ದು ಕಾಣದ ಶಕ್ತಿಗಳ ಭಯ. ಕಾಣದ್ದರ ಭಯ ಮನರಂಜನೆಯಾಗಿ ಉಳಿಯುವುದು ಹೊಟ್ಟೆ ತುಂಬಿದ, ಕಾನೂನಿನ ರಕ್ಷಣೆಯಿರುವ ಸಮಾಜದಲ್ಲಿ ಮಾತ್ರ. ಕಷ್ಟ ಬಂದಾಗ ಅದು ಯಾರನ್ನಾದರೂ ಹುಡುಕಿಕೊಂಡು ಹೊರಡುತ್ತದೆ. ಕರ್ನಾಟಕ 2017ರಲ್ಲಿ ಮಾಟಮಂತ್ರ ಮತ್ತು ಅಮಾನವೀಯ ಆಚರಣೆಗಳ ವಿರುದ್ಧ ಕಾಯ್ದೆ ಮಾಡಬೇಕಾಗಿ ಬಂದದ್ದು ಇಂಥ ಭಯದಿಂದ ಜನರನ್ನು ಕಾಯಲೆಂದೇ.

ಬೇಟೆಯ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ಒಂದು ನನಗೆ ಭಾರವಾದದ್ದು. ಇಂಥ ಸಣ್ಣ ತಾಣಗಳಿಗೆ ದುಡ್ಡಿಲ್ಲ. ದಿಮ್ಮಿ ಮನೆಗೆ ಗೆದ್ದಲು ಹಿಡಿಯುತ್ತದೆ, ಮಾಡು ಸೋರುತ್ತದೆ. ಹಗಲಿನ ಟಿಕೆಟ್ಟಿನಿಂದ ಬರುವುದು ಸಾಲದು. ರಾತ್ರಿಯ ಕಾರ್ಯಕ್ರಮಕ್ಕೆ ಯುವಕರು ಬರುತ್ತಾರೆ, ಹೆಚ್ಚು ಹಣ ಕೊಡುತ್ತಾರೆ, ಅವರಲ್ಲಿ ಕೆಲವರಾದರೂ ಜೈಸ್‌ಬರ್ಗರನ ಹೆಸರನ್ನು ಮೊದಲ ಸಲ ಕೇಳುತ್ತಾರೆ. ತಾಣ ಮುಚ್ಚಿಹೋದರೆ ನನ್ನಂಥವರ ವಾದದಿಂದ ಏನು ಪ್ರಯೋಜನ ಎಂದು ಅಲ್ಲಿ ದುಡಿಯುವವರು ಕೇಳಬಹುದು. ಅವರ ಪ್ರಶ್ನೆ ನ್ಯಾಯವಾದದ್ದು. ಇನ್ನೂ ಒಂದು ಮಾತು: ರಾತ್ರಿ ಸ್ಮಶಾನಕ್ಕೆ ಹೋಗುವ ಎಲ್ಲರೂ ಮೋಜಿಗಾಗಿ ಹೋಗುವುದಿಲ್ಲ. ತಾಯಿಯನ್ನೋ ಮಗುವನ್ನೋ ಕಳೆದುಕೊಂಡವರು, ಸತ್ತವರು ಎಲ್ಲೋ ಇದ್ದಾರೆ ಎಂಬ ಒಂದು ಗುರುತಿಗಾಗಿ ಅಲ್ಲಿ ಕೂತಿರಬಹುದು. ಆ ಹಂಬಲವನ್ನು ನಾನು ಗೌರವಿಸುತ್ತೇನೆ.

ಹಾಗಾದರೆ ರಾತ್ರಿ ಬೇಡವೆ? ಬೇಕು. ಗ್ನಾಡೆನ್‌ಹಟನ್‌ನ ಆ ಜನರ ಕೊನೆಯ ರಾತ್ರಿ ಹಾಡಿನಲ್ಲಿ ಕಳೆಯಿತು. ಈಸ್ಟರ್ ದಿನ ಬೆಳಕು ಹರಿಯುವ ಮುಂಚೆ ಸ್ಮಶಾನದಲ್ಲಿ ಸೇರಿ ಹಾಡುವ ಸಂಪ್ರದಾಯ ಮೊರೇವಿಯನ್ನರಲ್ಲಿ ಇಂದಿಗೂ ಇದೆ. ಅವರ ಸ್ಮಶಾನಗಳಲ್ಲಿ ದೊಡ್ಡವನಿಗೆ ದೊಡ್ಡ ಗೋರಿ, ಬಡವನಿಗೆ ಸಣ್ಣ ಗೋರಿ ಎಂಬುದಿಲ್ಲ, ಎಲ್ಲ ಕಲ್ಲುಗಳೂ ನೆಲಕ್ಕೆ ಸಮನಾಗಿ ಮಲಗಿರುತ್ತವೆ. ಸತ್ತವರ ಬದುಕಿನ ಕಥೆಯನ್ನು ಬರೆದು ಶವಸಂಸ್ಕಾರದ ಹೊತ್ತಿಗೆ ಓದುವ ಪದ್ಧತಿಯೂ ಅವರದು. ರಾತ್ರಿಯ ಸಭೆಗೆ ಬೇಕಾದದ್ದೆಲ್ಲ ಆ ಊರಿನ ಸ್ವಂತ ಪರಂಪರೆಯಲ್ಲೇ ಇರುವಾಗ ಟೆಲಿವಿಷನ್ ಕಾರ್ಯಕ್ರಮಗಳಿಂದ ಎರವಲು ತರುವುದೇಕೆ? ಲಾಟೀನು ಹಿಡಿದು ಬರಲಿ, ಟಿಕೆಟ್ಟಿನ ದರ ಅಷ್ಟೇ ಇರಲಿ. ದಿನಚರಿಯಿಂದ ಒಂದು ದಿನವನ್ನು ಓದಲಿ. ಯಾವ ಮನೆಯಲ್ಲಿ ಯಾರಿದ್ದರು, ಆ ವರ್ಷ ಯಾವ ಮಗು ಹುಟ್ಟಿತು, ಯಾರಿಗೆ ಜ್ವರ ಬಂತು ಎಂದು ಹೇಳಲಿ. ಮಾರ್ಚ್ 8ರಂದು 96 ಜನರನ್ನು ನೆನೆದು, ದಾಖಲೆಯಲ್ಲಿರುವ ಹೆಸರುಗಳನ್ನು ಒಂದೊಂದಾಗಿ ಓದಲಿ. ಮಕ್ಕಳ ಹೆಸರು ಬಂದಾಗ ಅವಸರ ಬೇಡ. ವಿಲಿಯಮ್‌ಸನ್‌ನ ಹೆಸರನ್ನೂ, ಅವನಿಗೆ ಸಿಕ್ಕ ಹುದ್ದೆಯನ್ನೂ ಹೇಳಲಿ. ಬೇಡ ಎಂದು ಮುಂದೆ ಬಂದ ಹದಿನೆಂಟರಷ್ಟು ಜನರ ಬಗ್ಗೆಯೂ ಹೇಳಲಿ, ಆ ಗಡಿಯಲ್ಲೂ ಬೇರೆ ಆಯ್ಕೆ ಇತ್ತೆಂಬುದಕ್ಕೆ ಅವರು ಸಾಕ್ಷಿ. ಅಂಥ ರಾತ್ರಿಗೆ ಜನ ಬರುವುದಿಲ್ಲ ಎಂದು ಮೊದಲೇ ತೀರ್ಮಾನಿಸುವವರು ತಮ್ಮ ಊರಿನ ಯುವಕರನ್ನು ತೀರಾ ಕಡಿಮೆ ಅಂದಾಜು ಮಾಡುತ್ತಿದ್ದಾರೆ.

ಇದೆಲ್ಲಕ್ಕೂ ಮೊದಲು ಆಗಬೇಕಾದ ಕೆಲಸ ಸಣ್ಣದು. ಬಾರ್ಟಲ್ಸ್‌ವಿಲ್‌ಗೆ, ಅನಡಾರ್ಕೊಗೆ, ಮೊರೇವಿಯನ್‌ಟೌನ್‌ಗೆ ಒಂದೊಂದು ಪತ್ರ ಬರೆಯಬೇಕು. ನಿಮ್ಮ ಹಿರಿಯರು ಮಲಗಿರುವ ಜಾಗದಲ್ಲಿ ರಾತ್ರಿ ಹೊತ್ತು ನಾವು ಹೀಗೊಂದು ಬೇಟೆ ನಡೆಸುತ್ತಿದ್ದೇವೆ, ನಡೆಸಬಹುದೆ, ಬೇಡವಾದರೆ ಏನು ಮಾಡಬಹುದು ಎಂದು ಕೇಳಬೇಕು. ಬರುವ ಉತ್ತರ ಒಪ್ಪಿಗೆಯಾಗಿರಬಹುದು, ಸಿಟ್ಟಾಗಿರಬಹುದು, ನಮ್ಮವರೇ ಬಂದು ಕಥೆ ಹೇಳುತ್ತಾರೆ ಎಂದಿರಬಹುದು. ಏನೇ ಬಂದರೂ ಅದು ಬದುಕಿರುವವರು ಸಹಿ ಮಾಡಿ ಕಳಿಸಿದ ಉತ್ತರವಾಗಿರುತ್ತದೆ. ಮುಂದಿನ ಟಿಕೆಟ್ಟನ್ನು ಅದನ್ನು ಓದಿದ ಮೇಲೆ ಮಾರಲಿ.